ಹೊರಗೆ ಹೋಗಿ ಓದಿ ಬರುವುದು

ರಾತ್ರಿ ಹನ್ನೊಂದಕ್ಕೆ ನಾನು ಬರೆದದ್ದು ಇಷ್ಟೇ:
ಹಿಮ, ಅಡಿಗೆರೆ, ಡಾಲರು, ಎಫ್, ನಾಲ್ಕು.
ಇನ್ನೂರ ನಲವತ್ತು ಚೌಕಟ್ಟುಗಳಿಗೆ
ಇನ್ನೂರ ನಲವತ್ತು ಹೆಸರು ಹೆರಬೇಕಾದ
ಒಂದೇ ಬಸಿರು.
ಯಂತ್ರಗಳ ಕೋಣೆ ಹೂಂಗುಟ್ಟಿತು.
ನಾನು ಕಿವಿಗೆ ಟೋಪಿ ಎಳೆದುಕೊಂಡು
ಸೇನ್ ಲೋರಾನ್ ಬೀದಿಗುಂಟ ಮನೆಗೆ ನಡೆದೆ.

ಬೆಳಗ್ಗೆ ಬಂದರೆ ಇದ್ದದ್ದು ಒಂದೇ ಕಡತ.
ಅದರ ಹೆಸರೂ ಡಾಲರು ಎಫ್ ನಾಲ್ಕು ಎಂದೇ,
ಅಕ್ಕಿಯನ್ನು ಅಕ್ಕಿಯಾಗಿಯೇ ಎಲೆಗೆ ಬಡಿಸಿದ ಹಾಗೆ.
ಡಾಲರಿನ ಬೆನ್ನಿಗೆ ಒಂದು ಓರೆಗೀಟು
ಯಾವ ಮಾಯದಲ್ಲಿ ಬಂದು ಆತು ನಿಂತಿತ್ತೋ,
ಇದನ್ನು ಬಿಡಿಸಬೇಡಿ, ಇದ್ದ ಹಾಗೇ ಇರಲಿ, ಎನ್ನುತ್ತ.
ಎಂಟು ತಾಸು ಸುರಿದ ಹಿಮ
ಒಂದೇ ಹೆಸರಿನೊಳಗೆ ಒಂದರ ಮೇಲೊಂದು ಬಿದ್ದು
ಪ್ರತಿ ಚೌಕಟ್ಟೂ ತನ್ನ ಹಿಂದಿನದನ್ನು ನುಂಗಿ
ಕೊನೆಯದೊಂದು ಉಳಿದಿತ್ತು:
ಎಲ್ಲ ಬಿದ್ದಾದ ಮೇಲಿನ ಬಿಳಿ ಅಂಗಳ.
ಬೀಳುವುದು ಮಾತ್ರ ಎಲ್ಲೂ ಇರಲಿಲ್ಲ.

ಓದಿಲೋನ್ ಬೈಯಲಿಲ್ಲ.
ನನ್ನ ಮೌಸಿನ ಮೇಲೆ ತನ್ನ ದಪ್ಪ ಬೆರಳಿಟ್ಟು
ಖಾನೆಯ ಹಣೆಪಟ್ಟಿಯ ಮೇಲೆ ನಡುಗುಂಡಿ ಒತ್ತಿದ.
ಬರೆದದ್ದು ಸರಿದು
ಆಗುವುದು ಕಂಡಿತು.
ಇನ್ನೊಮ್ಮೆ ಒತ್ತಿದ, ಬರೆದದ್ದು ಮರಳಿತು.
ಅರೆಗಳಿಗೆಯ ಕೆಲಸ.
'ಉಪ್ಪು ನೋಡದೆ ಹಂಡೆ ಇಳಿಸಿದೆ, ಜಿಸ್ಲೆನ್,' ಎಂದ.

ತೆಲೆಸ್ಫೋರ್ ಅಜ್ಜ ನೆನಪಾದ.
ಗಾಜಿಗೆ ಬಂಗಾರದ ರೇಕು ಹಚ್ಚಿ
ಅಂಗಡಿಗಳ ಹೆಸರು ಬರೆಯುತ್ತಿದ್ದವ.
ಒಳಗಿನಿಂದ ಬರೆಯಬೇಕು, ಅಕ್ಷರ ತಿರುಗುಮುರುಗು,
ಬರೆಯುವವನಿಗೆ ಅದು ಕನ್ನಡಿಯೊಳಗಿನ ಗಂಟು.
ರೇಕು ಮುಟ್ಟುವ ಮೊದಲು ಸುಣ್ಣದಲ್ಲಿ ಗೀಚಿ
ಕೋಟಿಲ್ಲದೆ, ಸೊನ್ನೆಗಿಂತ ಇಪ್ಪತ್ತು ಕೆಳಗಿನ ಚಳಿಯಲ್ಲಿ,
ಬೀದಿ ದಾಟಿ ಓಡುತ್ತಿದ್ದ,
ಆಚೆ ನಿಂತು ದಾರಿಹೋಕನ ಕಣ್ಣಿನಿಂದ ಓದುತ್ತಿದ್ದ.
ಮತ್ತೆ ಒಳಗೆ. ಒಂದಕ್ಷರದ ಬಾಲ ಚೂರು ಉದ್ದ.
ಮತ್ತೆ ಹೊರಗೆ.
'ಒಂದು ಬೇಕರಿಗೆ ಒಂದು ನೆಗಡಿ' ಎಂದು
ಅಜ್ಜಿ ಲೆಕ್ಕ ಇಡುತ್ತಿದ್ದಳು.
ಜ್ವರ ಬಂದ ಒಂದು ದಿನ ಮಾತ್ರ ಓಡಲಿಲ್ಲ.
ಔಷಧದಂಗಡಿಯ ಗಾಜಿನಲ್ಲಿ ಆ ಎನ್ ಅಕ್ಷರ
ಇವತ್ತಿಗೂ ಬೀದಿಗೆ ಬೆನ್ನು ಮಾಡಿ ನಿಂತಿದೆ,
ಅಪ್ಪಟ ಚಿನ್ನದಲ್ಲಿ.

ಈಗ ನಾನು ಕಂಡಕಂಡಲ್ಲಿ ಒತ್ತುತ್ತೇನೆ.
ಏಳನೆಯ ಚೌಕಟ್ಟಿನ ಮುಂದೆ ಮೂರು ಸೊನ್ನೆ
ಸರದಿಯಲ್ಲಿ ನಿಂತಿವೆಯೇ, ನೋಡುತ್ತೇನೆ.
'ಯೋಜನೆಯ ಮನೆ' ಎಂದು ಬರೆದದ್ದು
ಯಾವ ಡಿಸ್ಕಿನ ಯಾವ ಓಣಿ, ನೋಡುತ್ತೇನೆ.
ಒಮ್ಮೊಮ್ಮೆ ಏನೂ ಕಾಣದು.
ಬರಿಯ ಬಿಳಿ ಖಾನೆ; ಅದೂ ಒಂದು ಬೆಲೆಯೇ.
ಹೆಸರಿಟ್ಟರೆ ಸಾಲದು,
ಕರೆದಾಗ ಯಾರು ಓಗೊಡುತ್ತಾರೆಂದು ಕೇಳಿಸಿಕೊಳ್ಳಬೇಕು.

ಮೊನ್ನೆಯಿಂದ ಓದಿಲೋನ್
ಉಂಗುರವಿಲ್ಲದ ಕೈಯಲ್ಲಿ ಕಾಫಿ ಹಿಡಿಯುತ್ತಾನೆ.
ಬೆರಳಿನಲ್ಲಿ ಬಿಸಿಲು ಕಾಣದ ಒಂದು ಬಳೆಯಷ್ಟು ಜಾಗ.
'ಸಾ ವಾ?' ಅಂದೆ.
'ಸಾ ವಾ,' ಅಂದ.
ನಮ್ಮೂರಿನಲ್ಲಿ ಕೇಳುವುದಕ್ಕೂ ಹೇಳುವುದಕ್ಕೂ
ಅವೇ ಎರಡು ಅಕ್ಷರ.
ಹೇಗಿದ್ದೀಯ, ಚೆನ್ನಾಗಿದ್ದೇನೆ, ಸುಮ್ಮನಿರು, ಸಾಕು ಹೋಗು:
ಒಂದೇ ಬರಹ, ಯಾವ ಚೌಕಟ್ಟಿಗೆ ಏನಾಗಿ ಬಿಡಿಸಿಕೊಳ್ಳುತ್ತದೋ.
ಮನುಷ್ಯನಿಗೆ ಹಣೆಪಟ್ಟಿಯಿದೆ,
ನಡುಗುಂಡಿಯಿಲ್ಲ.

ಕೋಟು ಕುರ್ಚಿಯ ಮೇಲೆಯೇ ಬಿಟ್ಟು
ಮೂರು ಮಹಡಿ ಇಳಿದೆ.
ಬೀದಿ ದಾಟಿ, ಬಾಗೆಲ್ ಅಂಗಡಿಯ ಹೊಗೆಯ ಪಕ್ಕ
ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತು
ತಲೆಯೆತ್ತಿದೆ.
ಕಿಟಕಿಯಲ್ಲಿ ಅವನಿದ್ದ,
ಹಣೆ ಗಾಜಿಗೆ ಒತ್ತಿ.
ಉಸಿರು ಮಂಜಾಗಿ ಹರಡಿ, ಕುಗ್ಗಿ, ಮತ್ತೆ ಹರಡಿ.
ಅದರ ಮೇಲೆ ಬೆರಳಿನಿಂದ ಏನೋ ಗೀಚಿದ.
ಒಳಗಿನಿಂದ ಗೀಚಿದ್ದು; ನನಗೆ ತಿರುಗುಮುರುಗು.
ಓದುವಷ್ಟರಲ್ಲಿ ನನ್ನನ್ನು ಕಂಡು
ತೋಳಿನಿಂದ ಒರೆಸಿದ.

ಸೀನು ಬಂತು.